ಬೋರ್ಡಿನ ಮೇಲೆ 400, ಲಾರಿಗೆ ಸಿಗೋದು 325

ನಾನಿರುವ ಗೋಥೆನ್‌ಬರ್ಗ್‌ನಲ್ಲಿ ಎಲೆಕ್ಟ್ರಿಕ್ ಲಾರಿ ಈಗ ಯಾರೂ ನಿಂತು ನೋಡುವ ವಸ್ತುವಲ್ಲ. ಸ್ವೀಡನ್ನಿನ ಈ ಬಂದರು ಊರಲ್ಲಿ ಕಂಟೇನರ್ ಹೊತ್ತ ಲಾರಿಗಳು ಸದ್ದಿಲ್ಲದೆ ಪಕ್ಕದಲ್ಲೇ ಹಾದುಹೋಗುತ್ತವೆ. ಅವುಗಳಿಗೆ ಕರೆಂಟ್ ತುಂಬುವ ಸ್ಟೇಷನ್‌ಗಳ ವಿನ್ಯಾಸ ನನ್ನ ಕೆಲಸ. ಊರು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕು. ಊರಲ್ಲಿ ಲಾರಿ ಇಟ್ಟುಕೊಂಡವರು, ಇಡಬೇಕು ಅಂತಿರುವವರು ಇದನ್ನು ಓದಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಇಲ್ಲಿ ಡ್ರೈವರ್‌ಗಳಿಂದ ಹೆಚ್ಚು ಕೇಳಿಬರುವ ದೂರು ಒಂದೇ. ಚಾರ್ಜರಿನ ಮೇಲೆ 400 ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಲಾರಿ ಸಿಕ್ಕಿಸಿದರೆ ಪರದೆ ಮೇಲೆ 325 ತೋರಿಸುತ್ತದೆ. ಉಳಿದ 75 ಎಲ್ಲಿಗೆ ಹೋಯಿತು? ಚಾರ್ಜರ್ ಕೆಟ್ಟಿದೆಯಾ? ಲಾರಿ ಕೆಟ್ಟಿದೆಯಾ?

ಎರಡೂ ಕೆಟ್ಟಿಲ್ಲ. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ, ಅಷ್ಟೇ ಲೆಕ್ಕ. ಇಂಥ ಚಾರ್ಜರ್ 1000 ವೋಲ್ಟ್ ತನಕ ಹೋಗಬಲ್ಲದು, ಆದರೆ ಕೇಬಲ್ಲಿನಲ್ಲಿ 500 ಆಂಪ್ಸ್‌ಗಿಂತ ಜಾಸ್ತಿ ಬಿಡುವುದಿಲ್ಲ. 400 ಕಿಲೋವ್ಯಾಟ್ ಪೂರ್ತಿ ಬೇಕಾದರೆ ಲಾರಿಯ ಬ್ಯಾಟರಿ 800 ವೋಲ್ಟ್‌ನಲ್ಲಿ ಇರಬೇಕು. ಅದು 650ರಲ್ಲಿದ್ದರೆ? 650 ಗುಣಿಸು 500, ಅಂದರೆ 325 ಕಿಲೋವ್ಯಾಟ್. ಚಾರ್ಜರಿನ ಒಳಗೆ ಇನ್ನೂ ಶಕ್ತಿ ಇದೆ, ಆದರೆ ಅದು ಹೊರಗೆ ಬರಲು ದಾರಿಯಿಲ್ಲ.

ಹಾಗಾದರೆ ವೋಲ್ಟ್ ಏರಿಸಬಹುದಲ್ವಾ ಎಂದು ಕೇಳುತ್ತಾರೆ. ಆಗುವುದಿಲ್ಲ. ವೋಲ್ಟೇಜ್ ಬ್ಯಾಟರಿಯ ಕೈಯಲ್ಲಿದೆ. ಈಗ ಲಾರಿಗಳಲ್ಲಿ ಜಾಸ್ತಿ ಆಗುತ್ತಿರುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಒಂದು ಸೆಲ್ ಸುಮಾರು 3.2 ವೋಲ್ಟ್. ಅಂಥ 200 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 640 ವೋಲ್ಟ್. ಎಷ್ಟು ಸೆಲ್ ಸಾಲಾಗಿ ಇರಬೇಕು ಎಂಬುದು ಲಾರಿ ಕಾರ್ಖಾನೆಯಲ್ಲೇ ತೀರ್ಮಾನ ಆಗಿರುತ್ತದೆ. ಚಾರ್ಜ್ ತುಂಬಿದ ಹಾಗೆ ವೋಲ್ಟೇಜ್ ಸ್ವಲ್ಪ ಏರುತ್ತದೆ. ಅದಕ್ಕೇ ಒಂದೇ 500 ಆಂಪ್ಸ್ ಹರಿಯುತ್ತಿದ್ದರೂ ಶುರುವಿನಲ್ಲಿ 310 ತೋರಿಸಿದ ಪರದೆ ಆಮೇಲೆ 330 ತೋರಿಸಬಹುದು. ಚಾರ್ಜರ್ ಬ್ಯಾಟರಿಯ ವೋಲ್ಟೇಜಿಗೆ ತಾನೇ ಹೊಂದಿಕೊಳ್ಳಬೇಕು.

ಉಳಿಯುವುದು ಆಂಪ್ಸ್. ಅದರ ಕಷ್ಟ ಏನು ಎಂಬುದು ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಎಲ್ಲರ ಪಂಪ್‌ಸೆಟ್‌ಗಳೂ ಒಟ್ಟಿಗೆ ಓಡುತ್ತವೆ. ಲೈನಿನ ಕೊನೆಯಲ್ಲಿರುವ ಮನೆಗೆ ಲೋ ವೋಲ್ಟೇಜ್. ಮೋಟಾರು ಅದೇ ನೀರನ್ನು ಎತ್ತಬೇಕು, ವೋಲ್ಟೇಜ್ ಇಲ್ಲ, ಹಾಗಾಗಿ ಆಂಪ್ಸ್ ಜಾಸ್ತಿ ಎಳೆಯುತ್ತದೆ. ವೈಂಡಿಂಗ್ ಬಿಸಿಯಾಗಿ ಸುಟ್ಟ ವಾಸನೆ ಬರುತ್ತದೆ. ಮರುದಿನ ಮೋಟಾರು ರಿವೈಂಡಿಂಗ್ ಅಂಗಡಿಗೆ. ಲಾರಿಯ ಚಾರ್ಜಿಂಗ್ ಕೇಬಲ್ಲಿನ ಒಳಗೂ ಇದೇ ಬಿಸಿಯ ಕಾಟ. ಆಂಪ್ಸ್ ಎರಡು ಪಟ್ಟು ಆದರೆ ಬಿಸಿ ನಾಲ್ಕು ಪಟ್ಟು ಆಗುತ್ತದೆ. ಬರೀ ತಾಮ್ರದ ಕೇಬಲ್ಲಿನಲ್ಲಿ ಸುಮಾರು 200 ಆಂಪ್ಸ್ ತನಕ ನೆಮ್ಮದಿ. 500 ಬೇಕೆಂದರೆ ಕೇಬಲ್ಲಿನ ಒಳಗೇ ತಣ್ಣನೆಯ ದ್ರವ ಹರಿಸಬೇಕು. ತಾಮ್ರವನ್ನೇ ಸುಮ್ನೆ ದಪ್ಪ ಮಾಡುತ್ತಾ ಹೋದರೆ ಡ್ರೈವರ್ ಅದನ್ನು ಕೈಯಲ್ಲಿ ಎತ್ತಿ ಸಿಕ್ಕಿಸುವುದು ಹೇಗೆ? ಪ್ಲಗ್ಗಿನೊಳಗೆ ಬಿಸಿ ನೋಡುವ ಸೆನ್ಸಾರ್ ಇರುತ್ತದೆ. ಬಿಸಿ ಮಿತಿ ಮುಟ್ಟುತ್ತಿದೆ ಎಂದಾದರೆ ಆಂಪ್ಸ್ ತಾನಾಗಿ ಇಳಿಯುತ್ತದೆ.

ಪ್ಲಗ್ ಸಿಕ್ಕಿಸಿದ ಕೂಡಲೇ ಕರೆಂಟ್ ಹರಿಯುವುದಿಲ್ಲ. ಮೊದಲು ಲಾರಿ, ಚಾರ್ಜರ್ ಮಾತಾಡಿಕೊಳ್ಳುತ್ತವೆ. ನನ್ನ ಮಿತಿ ಇಷ್ಟು ವೋಲ್ಟ್, ಇಷ್ಟು ಆಂಪ್ಸ್ ಎಂದು ಲಾರಿ ಹೇಳುತ್ತದೆ. ಚಾರ್ಜರ್ ತನ್ನದು ಹೇಳುತ್ತದೆ. ಯಾರದ್ದು ಕಡಿಮೆಯೋ ಅದೇ ನಡೆಯುತ್ತದೆ. ಆಮೇಲೂ ಈಗ ಎಷ್ಟು ಬೇಕು ಎಂದು ಲಾರಿ ಕೇಳುತ್ತಲೇ ಇರುತ್ತದೆ, ಚಾರ್ಜರ್ ಕೊಡುತ್ತಲೇ ಇರುತ್ತದೆ. ಊರಿನವರು ನನ್ನನ್ನು ಜಾಸ್ತಿ ಕೇಳುವುದು ಮಳೆಯ ಬಗ್ಗೆ. ಆಗುಂಬೆಯ ಮಳೆಯಲ್ಲಿ ಇದನ್ನು ಕೈಯಲ್ಲಿ ಹಿಡಿದರೆ ಶಾಕ್ ಹೊಡೆಯಲ್ವಾ? ಇಲ್ಲ. ಪ್ಲಗ್ ಲಾರಿಯಲ್ಲಿ ಕೂತು ಲಾಕ್ ಆಗುವ ತನಕ ಕೈಯಲ್ಲಿರುವ ಪ್ಲಗ್ಗಿನಲ್ಲಿ ಆ ದೊಡ್ಡ ವೋಲ್ಟೇಜ್ ಇರುವುದೇ ಇಲ್ಲ. ಲಾಕ್ ಆದ ಮೇಲೂ, ಕರೆಂಟ್ ಎಲ್ಲೂ ಸೋರುತ್ತಿಲ್ಲ ಎಂದು ನೋಡುವ ಇನ್ಸುಲೇಶನ್ ಪರೀಕ್ಷೆ ಪಾಸಾದರೆ ಮಾತ್ರ ಚಾರ್ಜ್ ಶುರು.

ಕಾರುಗಳಿಗೆಂದೇ ಮಾಡಿದ ಎಷ್ಟೋ ಹಳೆಯ ಚಾರ್ಜರ್‌ಗಳು 500 ವೋಲ್ಟ್‌ಗೇ ನಿಲ್ಲುತ್ತವೆ. ಆಗಿನ ಕಾರುಗಳ ಬ್ಯಾಟರಿ 400 ವೋಲ್ಟಿನದ್ದು, ಅವಕ್ಕೆ ಅಷ್ಟು ಸಾಕಿತ್ತು. 650 ವೋಲ್ಟಿನ ಲಾರಿಯನ್ನು ತಂದು ಅಲ್ಲಿ ಸಿಕ್ಕಿಸಿದರೆ ಪ್ಲಗ್ ಕೂರುತ್ತದೆ, ಒಂದು ಯೂನಿಟ್ಟೂ ಹೋಗುವುದಿಲ್ಲ. ನಿಧಾನ ಆಗುವುದಲ್ಲ, ಶುರುವೇ ಆಗುವುದಿಲ್ಲ. ಆಂಪ್ಸ್ ಕಡಿಮೆ ಇದ್ದರೆ ಕಾಯಬಹುದು. ವೋಲ್ಟ್ ಕಡಿಮೆ ಇದ್ದರೆ ಕಾದು ಪ್ರಯೋಜನವಿಲ್ಲ. ಈ ವ್ಯತ್ಯಾಸ ಮಾತ್ರ ದಯವಿಟ್ಟು ನೆನಪಿಡಿ.

ಇನ್ನು ಬ್ಯಾಟರಿಗೂ ಅದರದ್ದೇ ಮಿತಿ ಇದೆ. ಶೇಕಡಾ 80 ದಾಟಿದ ಮೇಲೆ ವೋಲ್ಟೇಜ್ ಮೇಲಿನ ಗಡಿಗೆ ಹತ್ತಿರವಾಗುತ್ತದೆ, ಲಾರಿಯೇ ಆಂಪ್ಸ್ ಇಳಿಸುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಮೈನಸ್ ಚಳಿ ಬಿದ್ದಾಗ ತಣ್ಣಗಿರುವ ಸೆಲ್ಲಿಗೆ ಜೋರಾಗಿ ತುಂಬಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಸೆಲ್ ಹಾಳಾಗುತ್ತದೆ. ಅದಕ್ಕೆ ಮೊದಲು ಬ್ಯಾಟರಿಯನ್ನು ಬಿಸಿ ಮಾಡಿ ಆಮೇಲೆ ತುಂಬುತ್ತಾರೆ. ಮಲೆನಾಡಿನಲ್ಲಿ ಆ ತೊಂದರೆ ಇಲ್ಲ.

ಯುರೋಪಿನಲ್ಲಿ ಈ ಲೆಕ್ಕಕ್ಕೆಲ್ಲ ಒಂದು ಗಡಿಯಾರ ಇದೆ. ಲಾರಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ಅದು ಕಾನೂನು. ಆ 45 ನಿಮಿಷದಲ್ಲೇ ಚಾರ್ಜ್ ಮುಗಿದರೆ ಡೀಸೆಲ್ ಲಾರಿಗೂ ಇದಕ್ಕೂ ದಿನದ ಕೆಲಸದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಗಂಟೆಗೆ 80 ಕಿಲೋಮೀಟರಿನಂತೆ ನಾಲ್ಕೂವರೆ ಗಂಟೆಗೆ 360 ಕಿಲೋಮೀಟರ್. ತುಂಬಿದ ದೊಡ್ಡ ಲಾರಿ ಕಿಲೋಮೀಟರಿಗೆ 1.2 ಯೂನಿಟ್ ತಿನ್ನುತ್ತದೆ ಎಂದು ಹಿಡಿಯಿರಿ (ಒಂದು ಕಿಲೋವ್ಯಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್). 432 ಯೂನಿಟ್ ಆಯಿತು. ಅಷ್ಟನ್ನು ಮುಕ್ಕಾಲು ಗಂಟೆಯಲ್ಲಿ ತುಂಬಲು 576 ಕಿಲೋವ್ಯಾಟ್ ಬೇಕು. ನಮ್ಮ 500 ಆಂಪ್ಸ್ ಕೇಬಲ್ ಕೊಡುವುದು 325.

ಈ ಕೊರತೆಯನ್ನು ತುಂಬಲೆಂದೇ ಮೆಗಾವ್ಯಾಟ್ ಚಾರ್ಜಿಂಗ್ ಎಂಬ ಹೊಸ ಪ್ಲಗ್ ಬಂದಿದೆ. 2022ರ ಜೂನಿನಲ್ಲಿ ಓಸ್ಲೋದಲ್ಲಿ ಅದನ್ನು ಜನರ ಮುಂದಿಟ್ಟರು. ಅದರ ಗರಿಷ್ಠ ಮಿತಿ 1250 ವೋಲ್ಟ್, 3000 ಆಂಪ್ಸ್. ಗುಣಿಸಿ ನೋಡಿ, 3,750 ಕಿಲೋವ್ಯಾಟ್. ಈಗಿನ ಯಾವ ಲಾರಿಯೂ ಅಷ್ಟನ್ನು ತೆಗೆದುಕೊಳ್ಳುವುದಿಲ್ಲ, ಮುಂದಿನ ದಿನಗಳಿಗೆ ಜಾಗ ಬಿಟ್ಟು ಮಾಡಿದ್ದಾರೆ. ಮರ್ಸಿಡಿಸ್‌ನ ಇಆಕ್ಟ್ರೋಸ್ 600 ಲಾರಿಯಲ್ಲಿ 621 ಯೂನಿಟ್ಟಿನ ಬ್ಯಾಟರಿ ಇದೆ. ಮಾಮೂಲಿ ಪ್ಲಗ್ಗಿನಲ್ಲಿ ಅದರ ಮಿತಿ 400 ಕಿಲೋವ್ಯಾಟ್. ಮೆಗಾವ್ಯಾಟ್ ಪ್ಲಗ್ಗಿನಲ್ಲಿ ಶೇಕಡಾ 20ರಿಂದ 80ಕ್ಕೆ ಸುಮಾರು ಅರ್ಧ ಗಂಟೆ ಸಾಕು ಎಂದು ಕಂಪನಿ ಹೇಳುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಚಾರ್ಜರಿನ ಬೋರ್ಡಿನಲ್ಲಿ ಕಿಲೋವ್ಯಾಟಿನ ಜೊತೆ ವೋಲ್ಟ್, ಆಂಪ್ಸ್ ಎರಡನ್ನೂ ಬರೆಯಲೇಬೇಕು. ಒಂದೇ ಯಂತ್ರಕ್ಕೆ ಎರಡು ಕೇಬಲ್ ಇದ್ದು, ಎರಡನೇ ಲಾರಿ ಬಂದಾಗ ಶಕ್ತಿ ಹಂಚಿಹೋಗುವುದಾದರೆ ಅದನ್ನೂ ಬರೆಯಬೇಕು. ಡ್ರೈವರಿನ ವೇಳೆಗೂ ಬೆಲೆ ಇದೆ.

ಊರಿನ ಮಾತಿಗೆ ಬರುತ್ತೇನೆ. ಹೊಸನಗರದಲ್ಲಿ ನಮ್ಮ ಅಣ್ಣಯ್ಯ ಲಾರಿ ಓಡಿಸುತ್ತಾರೆ. ಅಡಿಕೆ ಮೂಟೆ ಶಿವಮೊಗ್ಗದ ಮಂಡಿಗೆ, ಬೇರೆ ಸರಕು ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ. ಎಲೆಕ್ಟ್ರಿಕ್ ಲಾರಿಗೆ ಕೇಂದ್ರ ಸರ್ಕಾರ ಪಿಎಂ ಇ-ಡ್ರೈವ್ ಎಂಬ ಯೋಜನೆಯಲ್ಲಿ 9.6 ಲಕ್ಷ ರೂಪಾಯಿ ತನಕ ಸಹಾಯಧನ ಕೊಡುತ್ತದೆ ಎಂಬ ಸುದ್ದಿ 2025ರಲ್ಲಿ ಬಂದಾಗ ಫೋನ್ ಮಾಡಿದರು.

"ಅಲ್ಲ ಮಾರಾಯ, ನಮ್ಮೂರ ಟಿಸಿಗೆ ನಿಮ್ಮ ಆ ಚಾರ್ಜರ್ ಹಾಕಿದ್ರೆ ತಡೀತದಾ?"

ಸರಿಯಾದ ಪ್ರಶ್ನೆ. ಹಳ್ಳಿಯ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸಾಮಾನ್ಯವಾಗಿ 63 ಅಥವಾ 100 ಕೆವಿಎ. ಒಂದು ಕೆವಿಎ ಹೆಚ್ಚೆಂದರೆ ಒಂದು ಕಿಲೋವ್ಯಾಟ್ ಎಂದು ಹಿಡಿಯಿರಿ. 325 ಕಿಲೋವ್ಯಾಟಿನ ಒಂದು ಚಾರ್ಜರಿಗೇ 63ರ ಐದು ಟಿಸಿ ಸಾಲದು. "ಇಲ್ಲ ಅಣ್ಣಯ್ಯ, ಅದಕ್ಕೆ 11 ಕೆವಿ ಲೈನಿನಿಂದಲೇ ಬೇರೆ ಟಿಸಿ ಹಾಕಿಸ್ಬೇಕು" ಎಂದೆ. ಇಲ್ಲಿಯೂ ವೋಲ್ಟ್ ಆಂಪ್ಸ್ ಲೆಕ್ಕವೇ. ಒಂದು ಮೆಗಾವ್ಯಾಟನ್ನು 700 ವೋಲ್ಟ್‌ನಲ್ಲಿ ಕೊಡಲು 1,400ಕ್ಕೂ ಜಾಸ್ತಿ ಆಂಪ್ಸ್ ಬೇಕು. ಅದೇ ಮೆಗಾವ್ಯಾಟ್ 11 ಸಾವಿರ ವೋಲ್ಟಿನ ಮೂರು ಫೇಸಿನ ಲೈನಿನಲ್ಲಿ ಬಂದರೆ ಒಂದೊಂದು ತಂತಿಯಲ್ಲಿ ಐವತ್ತರ ಆಸುಪಾಸು. ಹಾಗಂತ ಆ ಫೀಡರಿನ (ಆ 11 ಕೆವಿ ಲೈನಿನ) ಮೇಲೆ ಈಗಾಗಲೇ ಎಷ್ಟು ಪಂಪ್‌ಸೆಟ್ ಇವೆ ಎಂದು ನೋಡದೆ ಹಾಕುವ ಹಾಗಿಲ್ಲ. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಮೆಸ್ಕಾಂನಲ್ಲಿ ಲೋಡ್ ಮಂಜೂರಾದ ಮೇಲೆಯೇ ಚಾರ್ಜರಿನ ವಿಚಾರ.

ಒಂದು ಮಾತು ಹೇಳಲೇಬೇಕು. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟಿನದ್ದು. ಹುಲಿಕಲ್ ಘಾಟಿಯ ಬುಡದಲ್ಲಿ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರ 460 ಮೆಗಾವ್ಯಾಟಿನದ್ದು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಗದ್ದೆ, ತೋಟ ಮುಳುಗಿಸಿಕೊಂಡ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಇವೆ. ರಾಜ್ಯಕ್ಕೆ ಇಷ್ಟು ಕರೆಂಟ್ ಕೊಟ್ಟ ಸೀಮೆಯಲ್ಲಿ ನಾಳೆ ಲಾರಿ ಚಾರ್ಜರ್ ಹಾಕುವಾಗ ಲೈನ್ ಸಾಲದು ಎಂಬ ಉತ್ತರ ಬರಬಾರದು. ಗಟ್ಟಿಯಾದ ಫೀಡರ್ ಕೇಳುವ ಹಕ್ಕು ನಮಗಿದೆ.

ಘಾಟಿಯ ಲೆಕ್ಕವನ್ನೂ ಮಾಡಿದೆವು. 18.5 ಟನ್ ತೂಕದ ಲಾರಿಯನ್ನು 600 ಮೀಟರ್ ಮೇಲೆ ಎತ್ತಲಿಕ್ಕೇ ಸುಮಾರು 30 ಯೂನಿಟ್ ಬೇಕು, ರಸ್ತೆಯ ಓಟದ ಖರ್ಚು ಬೇರೆ. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ವಾಪಸ್ ತುಂಬುತ್ತದೆ, ಬ್ರೇಕಿನ ಕೆಲಸವನ್ನೂ ಮಾಡುತ್ತದೆ. ಆದರೆ ಬ್ಯಾಟರಿಗೆ ಒಳಬರುವ ಆಂಪ್ಸ್‌ಗೆ ಆಗಲೂ ಮಿತಿ ಇದೆ. ಘಾಟಿಯ ಮೇಲಿರುವ ಮಾಸ್ತಿಕಟ್ಟೆಯಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಘಾಟಿ ಇಳಿಯಲು ಹೊರಟರೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಆ ಶಕ್ತಿಯೂ ಹೋಯಿತು, ಮೋಟಾರ್ ಬ್ರೇಕಿನ ಬಲವೂ ಹೋಯಿತು, ತಿರುವಿನಲ್ಲಿ ಪೂರ್ತಿ ಭಾರ ಚಕ್ರದ ಬ್ರೇಕಿನ ಮೇಲೆ ಬಿತ್ತು. ಅದಕ್ಕೇ ಹೇಳುತ್ತೇನೆ, ದೊಡ್ಡ ಚಾರ್ಜರ್ ಘಾಟಿಯ ಕೆಳಗೆ, ಹೊಸಂಗಡಿ ಅಥವಾ ಸಿದ್ದಾಪುರದ ಕಡೆ ಇರಲಿ. ಮೇಲೆ ತುಂಬಿಸುವವರು ಮುಕ್ಕಾಲು ಪಾಲಿಗೆ ನಿಲ್ಲಿಸಿ ಇಳಿಯಲಿ.

ಅಣ್ಣಯ್ಯನ ಓಟಕ್ಕೆ ಮೆಗಾವ್ಯಾಟ್ ಬೇಕಾಗಿಯೇ ಇಲ್ಲ. ಕುಂದಾಪುರದಲ್ಲಿ ಸರಕು ಇಳಿಸಿ, ಬೇರೆ ಲೋಡ್ ಮಾಡಲು ಎರಡು ಗಂಟೆ ಹೇಗೂ ಹಿಡಿಯುತ್ತದೆ. ಅಲ್ಲೊಂದು 60 ಕಿಲೋವ್ಯಾಟಿನ ಚಾರ್ಜರ್ ಸಿಕ್ಕಿದರೆ ಎರಡು ಗಂಟೆಗೆ 120 ಯೂನಿಟ್. ಹೊಸನಗರಕ್ಕೆ ವಾಪಸ್ ಬರಲು ಕಿಲೋಮೀಟರಿಗೆ ಒಂದು ಯೂನಿಟ್ಟಿನಂತೆ ಸುಮಾರು 80, ಘಾಟಿ ಹತ್ತಲು 30. ಒಟ್ಟು 110, ಸಾಕಾಗುತ್ತದೆ. ಆದರೆ ಅದು 500 ವೋಲ್ಟಿಗೆ ನಿಲ್ಲುವ ಚಾರ್ಜರ್ ಆಗಿರಬಾರದು. ಲಾರಿ ಬುಕ್ ಮಾಡುವ ಮೊದಲು ಕುಂದಾಪುರಕ್ಕೆ ಹೋದಾಗ ಅಲ್ಲಿಯ ಚಾರ್ಜರಿನ ಪಕ್ಕಕ್ಕೆ ಅಂಟಿಸಿರುವ ಪ್ಲೇಟಿನ ಫೋಟೋ ತೆಗೆದು ಕಳಿಸಿ ಅಂತ ಅಣ್ಣಯ್ಯನಿಗೆ ಹೇಳಿದ್ದೇನೆ. ಗರಿಷ್ಠ ವೋಲ್ಟ್ ಎಷ್ಟು ಎಂದು ಅದರ ಮೇಲೆ ಬರೆದಿರುತ್ತದೆ.