ಬಾಲ್ ಮುಟ್ಟಬಹುದು, ಲೋಟ ಮುಟ್ಟಬಾರದು

ಪ್ರತಿ ವರ್ಷ ಏಪ್ರಿಲ್ 15ಕ್ಕೆ ಅಮೆರಿಕದ ದೊಡ್ಡ ಲೀಗಿನ ಬೇಸ್‌ಬಾಲ್ ಆಟಗಾರರೆಲ್ಲ 42ನೇ ನಂಬರಿನ ಜೆರ್ಸಿ ಹಾಕುತ್ತಾರೆ. ಅದು ಜಾಕಿ ರಾಬಿನ್ಸನ್ ನಂಬರು. 1947ರಲ್ಲಿ ಅದೇ ದಿನ ಅವರು ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕೆ ಇಳಿದರು. ಕಪ್ಪು ಜನರನ್ನು ಹತ್ತಾರು ವರ್ಷ ಹೊರಗಿಟ್ಟಿದ್ದ ಲೀಗ್ ಅದು. ಎದುರಾಳಿಗಳು ಬಾಯಿಗೆ ಬಂದಂತೆ ಬೈದರು. ಆದರೂ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ. ರಾಬಿನ್ಸನ್‌ಗಿಂತ ಎಷ್ಟೋ ವರ್ಷ ಹಿಂದಿನವರು, ದಲಿತರು, ಎಡಗೈ ಸ್ಪಿನ್ನರ್. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುತ್ತಾ, ನೆಟ್ಸಿನಲ್ಲಿ ಅವರಿಗೆ ಬೌಲಿಂಗ್ ಹಾಕುತ್ತಾ ಕಲಿತವರು. ಆಗ ಧರ್ಮದ ಲೆಕ್ಕದಲ್ಲಿ ಟೀಮು ಕಟ್ಟುತ್ತಿದ್ದರು; ಬಿಳಿಯರನ್ನು ಸೋಲಿಸಬೇಕು ಅಂದಾಗ ಹಿಂದೂ ಟೀಮಿಗೆ ಇವರು ಬೇಕಾದರು. ಅವರು ಮುಟ್ಟಿದ ಬಾಲನ್ನೇ ಎಲ್ಲರೂ ಮುಟ್ಟುತ್ತಿದ್ದರು, ಆದರೆ ಟೀ ಹೊತ್ತಿಗೆ ಮಾತ್ರ ಬಾಲೂಗೆ ಪೆವಿಲಿಯನ್ ಹೊರಗೆ, ಕುಡಿದು ಬಿಸಾಡೋ ಮಣ್ಣಿನ ಲೋಟದಲ್ಲಿ ಟೀ. 1911ರಲ್ಲಿ ಇಂಗ್ಲೆಂಡಿಗೆ ಹೋಗಿ 114 ವಿಕೆಟ್ ತೆಗೆದರು. ಹಾಗಿದ್ದೂ ಹಿಂದೂ ಟೀಮಿನ ಕ್ಯಾಪ್ಟನ್ ಪಟ್ಟ ಅವರಿಗೆ ಕೊಡಲಿಲ್ಲ. ಕೊನೆಗೆ 1923ರಲ್ಲಿ ಅವರ ತಮ್ಮ ವಿಠ್ಠಲ್ ಕ್ಯಾಪ್ಟನ್ ಆದರು.

ಆ ಮಣ್ಣಿನ ಲೋಟದ ಮಾತು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ನಮ್ಮೂರು ಕೋಲಾರದ ಹತ್ತಿರ. ಬೇಸಿಗೆಯಲ್ಲಿ ಕೆರೆ ಒಣಗಿದರೆ ಅಲ್ಲೇ ಟೆನಿಸ್ ಬಾಲ್ ಟೂರ್ನಮೆಂಟ್. ನಮ್ಮ ಟೀಮಿನ ಒಳ್ಳೆ ಬೌಲರ್ ಕಾಲೊನಿ ಹುಡುಗ, ಈಗ ಮಾರ್ಕೆಟ್ಟಿನಲ್ಲಿ ಟೊಮೆಟೊ ಬಾಕ್ಸ್ ಲೋಡ್ ಮಾಡುತ್ತಾನೆ. ಕೊನೇ ಓವರಿನಲ್ಲಿ ಅವನ ಯಾರ್ಕರ್ ನಂಬಿಕೊಂಡು ಎಷ್ಟು ಮ್ಯಾಚ್ ಗೆದ್ದಿದ್ದೇವೋ ಲೆಕ್ಕವಿಲ್ಲ. ವಿಕೆಟ್ ಬಿದ್ದರೆ ಎಲ್ಲರೂ ಓಡಿಹೋಗಿ ಅವನನ್ನು ತಬ್ಬಿಕೊಳ್ಳುತ್ತಿದ್ದೆವು. ಅದು ಸುಳ್ಳು ಪ್ರೀತಿ ಅಂತ ನಾನು ಹೇಳಲ್ಲ. ಆದರೆ ಮಧ್ಯದಲ್ಲಿ ಯಾರದೋ ಮನೆಯಿಂದ ಮಜ್ಜಿಗೆ ಬರುತ್ತಿತ್ತಲ್ಲ, ಆಗ ನಮಗೆಲ್ಲ ಸ್ಟೀಲ್ ಲೋಟ, ಅವನಿಗೆ ಪೇಪರ್ ಲೋಟ. ಒಂದು ಸಲ ಪೇಪರ್ ಲೋಟ ಮುಗಿದುಹೋಗಿತ್ತು. ಯಾರೂ ಏನೂ ಹೇಳುವ ಮೊದಲೇ ಅವನೇ "ಬೇಡ ಬಿಡಣ್ಣಾ, ನಂಗೆ ಬಾಯಾರಿಕೆ ಇಲ್ಲ" ಅಂದ. ಅವನು ಆಗಷ್ಟೇ ಬಿಸಿಲಲ್ಲಿ ನಾಲ್ಕು ಓವರ್ ಹಾಕಿ ಬಂದಿದ್ದ. ನನ್ನ ಕೈಯಲ್ಲಿ ಸ್ಟೀಲ್ ಲೋಟ ಇತ್ತು. ನಾನು ಸುಮ್ನೆ ಕುಡಿದೆ.

ಇಷ್ಟು ವರ್ಷ ಆಡಿದರೂ ಅವನು ಒಂದು ಸಲವೂ ಕ್ಯಾಪ್ಟನ್ ಆಗಿಲ್ಲ. ಆಟ ಗೊತ್ತಿಲ್ಲ ಅಂತಲ್ಲ, ಫೀಲ್ಡಿಂಗ್ ಸೆಟ್ ಮಾಡುವಾಗ ನಾವೆಲ್ಲ ಕೇಳುವುದು ಅವನನ್ನೇ.

ಮೊನ್ನೆ ವಾಟ್ಸಾಪ್ ಗ್ರೂಪಿನಲ್ಲಿ ಈ ಸಲ ಕ್ಯಾಪ್ಟನ್ ಯಾರು ಅಂತ ಕೇಳಿದರು. ನಾನು ಅವನ ಹೆಸರು ಹಾಕಿದೆ. ಎರಡು ದಿನ ಆಯಿತು, ಎಲ್ಲರೂ ನೋಡಿದ್ದಾರೆ, ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಇವತ್ತು ರಾತ್ರಿ ಮತ್ತೆ ಹಾಕುತ್ತೇನೆ.