ಕಂದಕದ ನಡುವಿನ ಗೋಡೆ

ಮಗಳನ್ನು ಟ್ಯೂಷನ್‌ಗೆ ಬಿಟ್ಟು, ಸುಮ್ನೆ ಬೀದರ್ ಕೋಟೆ ಕಡೆ ಗಾಡಿ ತಿರುಗಿಸಿದೆ. ಬಾಗಿಲ ಮುಂದಿನ ಸೇತುವೆ ಹತ್ರ ನಿಂತೆ. ಎಷ್ಟೋ ಸಲ ದಾಟಿದ ಜಾಗವೇ. ಕೆಳಗೆ ಮಾತ್ರ ಸರಿಯಾಗಿ ನೋಡಿರಲಿಲ್ಲ.

ಕೆಂಪು ಕಲ್ಲಿನ ಕಂದಕ. ಮೂರು ಸಾಲು. ನಡುವೆ ಉದ್ದಕ್ಕೂ ಗೋಡೆ.

"ಈ ಗೋಡಿ ಯಾರು ಕಟ್ಯಾರ್ರೀ ಕಾಕಾ?" ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ.

"ಕಟ್ಟಿಲ್ಲ ತಮ್ಮಾ, ಬಿಟ್ಟಾರ."

ಹೌದಲ್ವಾ! ಸುತ್ತಲಿನ ಬಂಡೆ ಕಡಿದು ತೆಗೆದು, ಗೋಡೆಯಷ್ಟು ಮಾತ್ರ ಹಾಗೇ ಉಳಿಸಿದ್ದಾರೆ. ಬಹಮನಿಗಳು ಕಲಬುರಗಿಯಿಂದ ರಾಜಧಾನಿ ಇಲ್ಲಿಗೆ ತಂದಿದ್ದು 15ನೇ ಶತಮಾನದಲ್ಲಿ. ಕಡಿಯೋಕೆ ಮೊದಲು ಯಾರೋ ಒಬ್ಬ ಬಂಡೆ ಮೇಲೆ ಗೆರೆ ಎಳೆದಿರಬೇಕು, ಇದನ್ನು ಮುಟ್ಟಬೇಡಿ ಅಂತ. ಆ ಗೆರೆಯದ್ದೇ ಯೋಚನೆ ಈಗ ನನಗೆ.

ಗೋಡೆ ಮೇಲೆ ಒಂದು ಮೇಕೆ ಆರಾಮಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಟ್ಯೂಷನ್ ಬಿಡೋ ಹೊತ್ತಾಯ್ತು, ಓಡಿದೆ.