ಹದಿನೈದರ ಹುಡುಗನ ನಕ್ಷೆ

ಅಕ್ಕನ ಮಗಳು ಇಂದು ‘ಎರಗಾನ್’ ಎಂಬ ಡ್ರ್ಯಾಗನ್ ಕಥೆಯ ಇಂಗ್ಲಿಷ್ ಕಾದಂಬರಿ ಹಿಡಿದು ಕುಳಿತವಳು ಮೊದಲ ಪುಟಗಳಲ್ಲಿರುವ ಕಲ್ಪನೆಯ ನಾಡಿನ ನಕ್ಷೆಯನ್ನು ಬಿಟ್ಟು ಮುಂದೆ ಹೋಗಲೇ ಇಲ್ಲ. ಬೆಟ್ಟದ ಸಾಲು, ನಡುವೆ ಹಡರಾಕ್ ಮರುಭೂಮಿ, ಊರೂರಿಗೂ ಹೆಸರು.

"ಮಾಮಾ, ಇದನ್ನು ಯಾರು ಬಿಡಿಸಿದ್ದು?"

ಬರೆದವನೇ ಎಂದೆ. ಕ್ರಿಸ್ಟೋಫರ್ ಪಾವ್ಲೀನಿ ಈ ಕಥೆ ಶುರುಮಾಡಿದಾಗ ಅವನಿಗೆ ಹದಿನೈದು ವರ್ಷ ಎಂದಾಗ ಅವಳ ಕಣ್ಣು ಅರಳಿತು. ಅವಳಿಗೀಗ ಹದಿನಾಲ್ಕು.

ನನಗೆ ಹೆಚ್ಚು ಇಷ್ಟವಾಗುವುದು ಆ ಮನೆ. ಅಮೆರಿಕದ ಮೊಂಟಾನಾದ ಒಂದು ಕಣಿವೆ. ಮನೆಯಲ್ಲೇ ಪಾಠ. ಮಗ ಬರೆದು, ಮತ್ತೆ ಕುಳಿತು ತಿದ್ದಿದ. ಅಪ್ಪ ಅಮ್ಮ 2002ರಲ್ಲಿ ತಾವೇ ಅಚ್ಚು ಹಾಕಿಸಿದರು. ಅವನು ಮಧ್ಯಯುಗದ ವೇಷ ತೊಟ್ಟು ಶಾಲೆ, ಗ್ರಂಥಾಲಯಗಳಿಗೆ ಹೋಗಿ ಪುಸ್ತಕದ ಬಗ್ಗೆ ಮಾತನಾಡಿದ. ದೊಡ್ಡ ಪ್ರಕಾಶಕರು ಬಂದದ್ದು ಆಮೇಲೆ, 2003ರಲ್ಲಿ. ಮಕ್ಕಳ ಬರವಣಿಗೆಯನ್ನು ಹೀಗೆ ನಂಬಿ ದುಡ್ಡು ಹಾಕುವ ಹೆತ್ತವರು ಎಷ್ಟು ಜನರಿದ್ದಾರೆ?

ಹಳೆಯ ಕಥೆಗಳ ನೆರಳು ಇದರಲ್ಲಿ ದಟ್ಟವಾಗಿದೆ ಎನ್ನುವವರಿದ್ದಾರೆ. ಇರಲಿ. ಆ ವಯಸ್ಸಿನಲ್ಲಿ ಮೆಚ್ಚಿದ್ದೆಲ್ಲ ಬರಹದೊಳಗೆ ನುಗ್ಗಿಯೇ ನುಗ್ಗುತ್ತದೆ. ನೀಲಿ ಮೊಟ್ಟೆ ಒಡೆದು ಡ್ರ್ಯಾಗನ್ ಮರಿ ಸಫೀರಾ ಹೊರಬರುವ ಪುಟವನ್ನು ನಾನು ಈಗಲೂ ಆಸೆಪಟ್ಟು ಓದುತ್ತೇನೆ.